ಹರಿದ ಸ್ನಾಯುವಿಗೆ ಎಣ್ಣೆ, ಶಾಖ ಮತ್ತು ವ್ಯಾಯಾಮ

ಮನುಷ್ಯನ ದೇಹತೂಕದ ಸುಮಾರು ಮೂರನೆಯ ಒಂದು ಭಾಗ ಎಲುಬಿಗೆ ಅಂಟಿಕೊಂಡ ಸ್ನಾಯುಗಳದ್ದು. ಅವುಗಳಲ್ಲಿ ಒಂದು ಹರಿದಾಗ ಅದನ್ನು ಮತ್ತೆ ಕೂಡಿಸುವ ಕೆಲಸವನ್ನು ಬಹುಮಟ್ಟಿಗೆ ದೇಹವೇ ಮಾಡಿಕೊಳ್ಳುತ್ತದೆ. ವೈದ್ಯರಾಗಲಿ, ಎಣ್ಣೆ ತಿಕ್ಕುವವರಾಗಲಿ, ವ್ಯಾಯಾಮ ಕಲಿಸುವವರಾಗಲಿ ಮಾಡಬಹುದಾದದ್ದು ಆ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು, ನೋವನ್ನು ಸಹಿಸಬಹುದಾದ ಮಟ್ಟಕ್ಕೆ ಇಳಿಸುವುದು ಮತ್ತು ಹೊಸದಾಗಿ ಬೆಳೆದ ಎಳೆಗಳು ಹಳೆಯವುಗಳಷ್ಟೇ ಭಾರ ತಾಳುವಂತೆ ಅವನ್ನು ಹಂತಹಂತವಾಗಿ ಪಳಗಿಸುವುದು. ಸ್ನಾಯುವಿನ ಗಾಯಕ್ಕೆ ಇಂದು ಸೂಚಿಸಲಾಗುತ್ತಿರುವ ಪಿಲಾಟೀಸ್ ವ್ಯಾಯಾಮವನ್ನೂ ಆಯುರ್ವೇದ, ಟಿಬೆಟನ್ ವೈದ್ಯ, ನಾಟಿ ವೈದ್ಯಗಳಂಥ ಪರ್ಯಾಯ ಚಿಕಿತ್ಸೆಗಳನ್ನೂ ಅಳೆಯಬೇಕಾದದ್ದು, ಈ ಕೆಲಸಗಳಲ್ಲಿ ಯಾವುದನ್ನು, ಗಾಯದ ಯಾವ ಹಂತದಲ್ಲಿ, ಎಷ್ಟರಮಟ್ಟಿಗೆ ಅವು ಮಾಡುತ್ತವೆ ಎಂಬುದರಿಂದ.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯ ಹೀಗೆ ಅಳೆದು ನೋಡುವುದಕ್ಕೆ ತಕ್ಕ ಊರು. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮಾರ್ಗವಾಗಿ ಬೆಟ್ಟದ ಸೀಮೆಗೆ ಏರಿದಾಗ ಸಿಗುವ ಈ ಊರಿನ ಒಂದು ಕಡೆಗೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆಗೆ ಮಲೆ ಮಹದೇಶ್ವರ ಬೆಟ್ಟಗಳ ಸಾಲು ಇದ್ದು, ನಡುವಿನ ನೆಲದಲ್ಲಿ 1974ರಲ್ಲಿ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ ವಸತಿ ನೆಲೆಗೊಂಡಿತು. ಬೈಲುಕುಪ್ಪೆ, ಮುಂಡಗೋಡು, ಹುಣಸೂರುಗಳ ನಂತರ ಕರ್ನಾಟಕದಲ್ಲಿ ನಿರಾಶ್ರಿತ ಟಿಬೆಟನ್ನರಿಗಾಗಿ ರೂಪುಗೊಂಡ ಈ ವಸತಿಯಲ್ಲಿ ಮುಸುಕಿನ ಜೋಳ ಬೆಳೆಯುವ ರೈತರಿದ್ದಾರೆ, ಝೊಗ್‌ಚೆನ್ ವಿಹಾರದ ಭಿಕ್ಷುಗಳಿದ್ದಾರೆ, ಧರ್ಮಶಾಲೆಯ ಮೆನ್-ತ್ಸೀ-ಖಾಂಗ್ ಸಂಸ್ಥೆಯ ಶಾಖಾ ಚಿಕಿತ್ಸಾಲಯವೂ ಇದೆ. ಸುತ್ತಲಿನ ಪೋಡುಗಳೆಂಬ ಹಾಡಿಗಳಲ್ಲಿ ಸೋಲಿಗ ಬುಡಕಟ್ಟಿನವರು, ಹಳ್ಳಿಗಳಲ್ಲಿ ಕನ್ನಡ ಮತ್ತು ತಮಿಳಾಡುವ ಬೇಸಾಯಗಾರರು ವಾಸಿಸುತ್ತಾರೆ. ಹೀಗಾಗಿ ಟಿಬೆಟಿನ ವೈದ್ಯ, ಕಾಡಿನ ಸೊಪ್ಪುಬೇರಿನ ವೈದ್ಯ, ಆಯುರ್ವೇದ ಮತ್ತು ಆಧುನಿಕ ಆಸ್ಪತ್ರೆಯ ವೈದ್ಯ ಒಂದೇ ಸೀಮೆಯ ರೋಗಿಗಳ ಬಳಕೆಯಲ್ಲಿರುವುದನ್ನು ಇಲ್ಲಿ ಕಾಣಬಹುದು.

ಈ ಸೀಮೆಯ ದುಡಿಮೆ ಸ್ನಾಯುಗಳ ಮೇಲೆ ಹೇರುವ ಹೊರೆ ಸಾಮಾನ್ಯವಾದುದಲ್ಲ. ಜೋಳದ ಮೂಟೆಯನ್ನು ನೆಲದಿಂದ ಹೆಗಲಿಗೆ ಏರಿಸುವವರು, ಚಳಿಗಾಲದಲ್ಲಿ ದೂರದ ಪಟ್ಟಣಗಳಿಗೆ ಸ್ವೆಟರ್ ಗಂಟು ಹೊತ್ತು ವ್ಯಾಪಾರಕ್ಕೆ ಹೋಗುವ ಟಿಬೆಟನ್ ಕುಟುಂಬಗಳು, ಜೇನು ಮತ್ತು ಪಾಚಿಗಾಗಿ ಮರಬಂಡೆಗಳನ್ನು ಏರುತ್ತ ಬಂದ ಸೋಲಿಗರು, ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಮಾದಪ್ಪನ (ಮಹದೇಶ್ವರನ) ಬೆಟ್ಟ ಹತ್ತುವ ಭಕ್ತರು, ಎಲ್ಲರಿಗೂ ತೊಡೆ, ಮೀನಖಂಡ, ಸೊಂಟಗಳೇ ಬಂಡವಾಳ. ಬೌದ್ಧ ಸಾಧನೆಯ ಆರಂಭದ ಹಂತದಲ್ಲಿ ಒಂದು ಲಕ್ಷ ಸಾಷ್ಟಾಂಗ ಪ್ರಣಾಮಗಳನ್ನು ಪೂರೈಸುವ ನಿಯಮ ಟಿಬೆಟನ್ ಪರಂಪರೆಯಲ್ಲಿದ್ದು, ನಿಂತು, ಮಂಡಿಯೂರಿ, ಮೈಯನ್ನು ಉದ್ದಕ್ಕೆ ಚಾಚಿ, ಮತ್ತೆ ಎದ್ದು ನಿಲ್ಲುವ ಆ ಕ್ರಿಯೆಯ ಪುನರಾವರ್ತನೆ ತೊಡೆಯ ಮುಂಭಾಗಕ್ಕೂ ಬೆನ್ನಿನ ಕೆಳಭಾಗಕ್ಕೂ ದೊಡ್ಡ ಪರೀಕ್ಷೆಯೇ ಸರಿ.

ಸ್ನಾಯುವಿನ ಗಾಯವೆಂದರೇನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಸ್ನಾಯು ಸಾವಿರಾರು ಸಣ್ಣ ಎಳೆಗಳ ಕಟ್ಟು. ಅದರ ತುದಿಗಳು ಸ್ನಾಯುರಜ್ಜು ಎಂಬ ಗಟ್ಟಿ ಹುರಿಯಾಗಿ ಎಲುಬಿಗೆ ಸೇರುತ್ತವೆ. ಹಳ್ಳಿಯ ಮಾತಿನಲ್ಲಿ ‘ನರ ಎಳೆದಿದೆ’, ‘ತೊಡೆ ಹಿಡಿದುಕೊಂಡಿದೆ’ ಎನ್ನುವ ನೋವು ಅನೇಕ ಸಲ ಈ ಎಳೆಗಳು ಹರಿದದ್ದರಿಂದಲೇ ಬಂದಿರುತ್ತದೆ. ಕೆಲವೇ ಎಳೆಗಳು ಹರಿದು ಬಲ ಹೆಚ್ಚೇನೂ ಕುಂದದಿದ್ದರೆ ಅದನ್ನು ಮೊದಲ ದರ್ಜೆಯ ಗಾಯವೆಂದೂ, ಗಣನೀಯ ಭಾಗ ಹರಿದು ಊತ, ಕಂದುಗಟ್ಟುವಿಕೆ, ಬಲಹೀನತೆ ಕಾಣಿಸಿಕೊಂಡರೆ ಎರಡನೆಯ ದರ್ಜೆಯದೆಂದೂ, ಸ್ನಾಯು ಪೂರ್ತಿ ಕಡಿದುಹೋಗಿ ಬೆರಳಿಗೆ ತಗ್ಗು ಸಿಗುವಂತಾದರೆ ಮೂರನೆಯ ದರ್ಜೆಯದೆಂದೂ ವೈದ್ಯರು ವಿಂಗಡಿಸುತ್ತಾರೆ. ಮೊದಲನೆಯದು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ, ಎರಡನೆಯದು ನಾಲ್ಕರಿಂದ ಎಂಟು ವಾರಗಳಲ್ಲಿ ಮಾಯುತ್ತದೆ. ಮೂರನೆಯದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕು.

ಬಹುಪಾಲು ಸ್ನಾಯುಗಳು ಹರಿಯುವುದು ಒಂದು ನಿರ್ದಿಷ್ಟ ಸ್ಥಿತಿಯಲ್ಲಿ. ಸ್ನಾಯು ಗಿಡ್ಡವಾಗುತ್ತ ಬಲ ಬೀರುವುದು ಒಂದು ಬಗೆಯಾದರೆ, ನೀಳವಾಗುತ್ತಲೇ ಬಲ ಬೀರಿ ಚಲನೆಯನ್ನು ತಡೆಹಿಡಿಯುವುದು ಇನ್ನೊಂದು ಬಗೆ. ಎರಡನೆಯದನ್ನು ಎಕ್ಸೆಂಟ್ರಿಕ್ ಸಂಕೋಚನ ಎನ್ನುತ್ತಾರೆ. ಓಟಗಾರನ ಕಾಲು ಮುಂದಕ್ಕೆ ಬೀಸಿದಾಗ ತೊಡೆಯ ಹಿಂಭಾಗದ ಸ್ನಾಯು ಹೀಗೆ ನೀಳವಾಗುತ್ತಲೇ ಅದನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ ಮತ್ತು ಸ್ನಾಯು ಹರಿಯುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಬೆಟ್ಟ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಗೂ ಇದೇ ಬಗೆಯಲ್ಲಿ ದೇಹದ ಭಾರವನ್ನು ತಡೆಯುತ್ತವೆ. ಹತ್ತಿದ ದಿನಕ್ಕಿಂತ ಇಳಿದು ಬಂದ ಮರುದಿನ, ಮೂರನೆಯ ದಿನ ಮೆಟ್ಟಿಲಿಳಿಯಲಾರದಷ್ಟು ನೋವು ಬರುವುದಕ್ಕೆ ಅದೇ ಕಾರಣ, ಆದರೆ ಅದು ಸೂಕ್ಷ್ಮ ಹಾನಿಯ ನೋವಾಗಿದ್ದು ತಾನಾಗಿ ಶಮನವಾಗುತ್ತದೆ. ಕಡಿದಾದ ಏರಿನಲ್ಲಿ ಮಂಡಿಯನ್ನು ನೆಟ್ಟಗಿರಿಸಿ ಮುಂಗಾಲಿನ ಮೇಲೆ ಬಲ ಹಾಕಿ ತಳ್ಳಿದಾಗ ಮೀನಖಂಡದ ಒಳಮಗ್ಗುಲು ಹರಿಯುವುದು ಬೇರೆಯೇ ಸಂಗತಿ. ಹಿಂದಿನಿಂದ ಯಾರೋ ಕಲ್ಲು ಎಸೆದಂತಾಯಿತು ಎಂದು ರೋಗಿಗಳು ತಿರುಗಿ ನೋಡುವಷ್ಟು ಅದು ಹಠಾತ್ತಾಗಿ ಬರುತ್ತದೆ.

ಹರಿದ ಜಾಗದಲ್ಲಿ ಮುಂದೆ ನಡೆಯುವ ಕ್ರಿಯೆಗೆ ಒಂದು ಕ್ರಮವಿದೆ. ಮೊದಲ ಕೆಲವು ದಿನಗಳಲ್ಲಿ ರಕ್ತ ತುಂಬಿ ಊತ ಬರುತ್ತದೆ, ಸತ್ತ ಎಳೆಗಳನ್ನು ಬಿಳಿಯ ರಕ್ತಕಣಗಳು ತೆರವುಗೊಳಿಸುತ್ತವೆ. ಆ ಬಳಿಕ ಸ್ನಾಯು ಎಳೆಗಳ ಅಂಚಿನಲ್ಲಿ ಸುಪ್ತವಾಗಿದ್ದ ಉಪಗ್ರಹ ಕೋಶಗಳು ಎಚ್ಚೆತ್ತು, ವಿಭಜಿಸಿ, ಹೊಸ ಎಳೆಗಳನ್ನು ಕಟ್ಟಲು ತೊಡಗುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದ ಈ ಕೋಶಗಳೇ ಸ್ನಾಯುವಿನ ಪುನರುತ್ಪತ್ತಿಗೆ ಮೂಲವೆಂಬುದು ಈಗ ಸ್ಥಾಪಿತವಾಗಿದೆ. ಅದೇ ವೇಳೆಗೆ ಗಾಯದ ಅಂತರವನ್ನು ತುಂಬಲು ಕೊಲಾಜೆನ್ ಎಂಬ ನಾರಿನ ಕಲೆಯೂ ಬೆಳೆಯುತ್ತದೆ. ಸುಮಾರು ಹತ್ತನೆಯ ದಿನದವರೆಗೆ ಇಡೀ ಸ್ನಾಯುವಿನಲ್ಲಿ ಈ ಕಲೆಯೇ ಅತಿ ದುರ್ಬಲವಾದ ಜಾಗ. ನಂತರದ ವಾರಗಳಲ್ಲಿ ಹೊಸ ಎಳೆಗಳು ಯಾವ ದಿಕ್ಕಿನಲ್ಲಿ ಸಾಲುಗೂಡಬೇಕು, ನಾರು ಎಷ್ಟು ಉಳಿಯಬೇಕು ಎಂಬುದನ್ನು ಸ್ನಾಯುವಿನ ಮೇಲೆ ಬೀಳುವ ಎಳೆತವೇ ನಿರ್ಧರಿಸುತ್ತದೆ. ಎಳೆತವೇ ಇಲ್ಲದೆ ತಿಂಗಳುಗಟ್ಟಲೆ ಮಲಗಿದ ಸ್ನಾಯು ಸೊರಗುತ್ತದೆ, ಅದರೊಳಗಿನ ಕಲೆ ದಪ್ಪವಾಗಿ ಗಂಟಾಗಿ ಉಳಿಯುತ್ತದೆ.

ಗಾಯವಾದ ಮೊದಲ ದಿನವೇ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವ ಪದ್ಧತಿ ಹಾನಿಕರ ಎನ್ನಬೇಕಾಗಿರುವುದು ಮಾಯುವಿಕೆಯ ಈ ಕ್ರಮದಿಂದಾಗಿಯೇ. ರಕ್ತ ಇನ್ನೂ ಒಸರುತ್ತಿರುವ ಜಾಗವನ್ನು ಒತ್ತಿ ತಿಕ್ಕಿದರೆ, ಬಿಸಿ ಶಾಖ ಕೊಟ್ಟರೆ, ರಕ್ತಸ್ರಾವ ಹೆಚ್ಚುತ್ತದೆ. ಬಲವಾದ ಪೆಟ್ಟಿನಿಂದ ರಕ್ತಗಟ್ಟಿದ ತೊಡೆಯನ್ನು ಹೀಗೆ ತಿಕ್ಕಿದಾಗ ಸ್ನಾಯುವಿನೊಳಗೇ ಎಲುಬಿನಂಥ ಗಡಸು ಅಂಗಾಂಶ ಬೆಳೆಯುವ ಅಪಾಯವೂ ಉಂಟು. ಮೊದಲ ಮೂರರಿಂದ ಐದು ದಿನ ಬೇಕಾದದ್ದು ಇಷ್ಟೇ: ನೋಯಿಸುವ ಚಲನೆಯನ್ನು ನಿಲ್ಲಿಸುವುದು, ಕ್ರೇಪ್ ಬ್ಯಾಂಡೇಜನ್ನು ಹದವಾಗಿ ಸುತ್ತುವುದು, ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿ ಇಟ್ಟು ಮಲಗುವುದು. ಮಂಜುಗಡ್ಡೆಯ ವಿಷಯದಲ್ಲಿ ಅಭಿಪ್ರಾಯ ಬದಲಾಗುತ್ತ ಬಂದಿದೆ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ವಿಶ್ರಾಂತಿ, ಮಂಜು, ಒತ್ತುಪಟ್ಟಿ, ಎತ್ತರ ಎಂಬ ನಾಲ್ಕು ಮಾತಿನ ಸೂತ್ರವನ್ನು ಜನಪ್ರಿಯಗೊಳಿಸಿದರು. 2014ರಲ್ಲಿ ಅವರೇ, ಮಂಜು ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದೆಂದು ತಿದ್ದಿಕೊಂಡರು. 2019ರಲ್ಲಿ ಕೆನಡಾದ ಇಬ್ಬರು ಫಿಸಿಯೋಥೆರಪಿ ತಜ್ಞರು ಮುಂದಿಟ್ಟ ಹೊಸ ಸೂತ್ರ ಊತವನ್ನು ಅಡಗಿಸುವ ಮಾತ್ರೆಗಳನ್ನು ಆರಂಭದಲ್ಲೇ ನುಂಗುವುದನ್ನು ಪ್ರಶ್ನಿಸಿ, ಕೆಲವು ದಿನಗಳ ಬಳಿಕ ನೋವಿನ ಮಿತಿಯೊಳಗೆ ಭಾರ ಹಾಕುವುದನ್ನು, ರೋಗಿಯ ಮನಸ್ಸಿನಲ್ಲಿ ಭರವಸೆ ಉಳಿಸುವುದನ್ನು ಚಿಕಿತ್ಸೆಯ ಭಾಗವಾಗಿಯೇ ಸೇರಿಸಿಕೊಂಡಿತು.

ಒಡೆಯರಪಾಳ್ಯದ ಟಿಬೆಟನ್ ವೈದ್ಯದ ಪಾತ್ರ ಬರುವುದು ಈ ಮೊದಲ ದಿನಗಳು ಕಳೆದ ಮೇಲೆ. ಸೋವಾ ರಿಗ್ಪಾ ಎಂದು ಕರೆಯಲಾಗುವ ಈ ಪದ್ಧತಿಯ ಮೂಲಗ್ರಂಥ ‘ಗ್ಯೂಶಿ’ಯನ್ನು ಹನ್ನೆರಡನೆಯ ಶತಮಾನದ ಯುಥೋಕ್ ಯೋಂತೆನ್ ಗೊಂಪೊ ಅವರ ಹೆಸರಿನೊಂದಿಗೆ ಸೇರಿಸಲಾಗುತ್ತದೆ, ನಾಲ್ಕು ಭಾಗಗಳ, 156 ಅಧ್ಯಾಯಗಳ ಈ ಗ್ರಂಥದಲ್ಲಿ ಭಾರತದ ಆಯುರ್ವೇದದ ಗಾಢ ಪ್ರಭಾವವಿದೆ. ವಾತ, ಪಿತ್ತ, ಕಫಗಳಿಗೆ ಹತ್ತಿರವಾದ ಲುಂಗ್, ತ್ರಿಪಾ, ಬೇಕೆನ್ ಎಂಬ ಮೂರು ತತ್ತ್ವಗಳ ಏರುಪೇರಿನಿಂದ ರೋಗ ಬರುತ್ತದೆಂದು ಅದು ತಿಳಿಯುತ್ತದೆ. 1916ರಲ್ಲಿ ಲಾಸಾದಲ್ಲಿ ಸ್ಥಾಪಿತವಾದ ಮೆನ್-ತ್ಸೀ-ಖಾಂಗ್ ವೈದ್ಯ ಮತ್ತು ಜ್ಯೋತಿಷ ಸಂಸ್ಥೆ 1961ರಲ್ಲಿ ಧರ್ಮಶಾಲೆಯಲ್ಲಿ ಮರುಹುಟ್ಟು ಪಡೆದು, ಟಿಬೆಟನ್ ವಸತಿಗಳಿಗೆ ಶಾಖೆಗಳನ್ನು ಹರಡಿತು. 2010ರಲ್ಲಿ ಭಾರತೀಯ ವೈದ್ಯಪದ್ಧತಿಗಳ ಕೇಂದ್ರೀಯ ಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಸಂಸತ್ತು ಸೋವಾ ರಿಗ್ಪಾವನ್ನು ಆಯುರ್ವೇದ, ಸಿದ್ಧ, ಯುನಾನಿಗಳ ಸಾಲಿಗೆ ಸೇರಿಸಿತು. ಹಾಗಾಗಿ ಇದು ಕಾನೂನಿನ ಮನ್ನಣೆಯುಳ್ಳ, ಕ್ರಮವಾದ ವ್ಯಾಸಂಗವುಳ್ಳ ಪದ್ಧತಿ. ಬೀದಿಬದಿಯ ಎಣ್ಣೆ ಮಾರಾಟದೊಂದಿಗೆ ಇದನ್ನು ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವಲ್ಲ.

ಈ ಪದ್ಧತಿಯಲ್ಲಿ ಚಿಕಿತ್ಸೆಗೆ ನಾಲ್ಕು ಮೆಟ್ಟಿಲುಗಳಿವೆ. ಆಹಾರ ಮತ್ತು ನಡವಳಿಕೆಗಳನ್ನು ತಿದ್ದುವುದು ಮೊದಲು, ಔಷಧ ಆಮೇಲೆ, ಬಾಹ್ಯ ಚಿಕಿತ್ಸೆ ಕೊನೆಗೆ. ಬಾಹ್ಯ ಚಿಕಿತ್ಸೆಯಲ್ಲೂ ಶಾಖ, ಔಷಧಸ್ನಾನ, ಅಭ್ಯಂಗಗಳು ಸೌಮ್ಯವೆಂದೂ, ರಕ್ತ ಹೊರತೆಗೆಯುವುದು ಮತ್ತು ಸುಡುವ ಮೂಲಿಕೆಯಿಂದ ಬಿಂದುಗಳನ್ನು ಕಾಯಿಸುವುದು ಒರಟೆಂದೂ ವಿಂಗಡಣೆಯಿದೆ. ಸ್ನಾಯುವಿನ ಹಳೆಯ ನೋವಿಗೆ ಹೆಚ್ಚು ಬಳಕೆಯಾಗುವುದು ಸೌಮ್ಯ ವರ್ಗದ ಎರಡು ವಿಧಾನಗಳು. ಕು-ನ್ಯೆ ಎಂಬ ಅಭ್ಯಂಗದಲ್ಲಿ ಮೊದಲು ಬೆಚ್ಚಗಿನ ಎಣ್ಣೆಯನ್ನು ಚರ್ಮದ ಮೇಲೆ ಹರಡಿ ಇಂಗಲು ಬಿಡುತ್ತಾರೆ, ನಂತರ ಹೆಬ್ಬೆರಳು ಮತ್ತು ಅಂಗೈಗಳಿಂದ ಸ್ನಾಯುವಿನುದ್ದಕ್ಕೂ ನಾದಿ ನಿಗದಿತ ಬಿಂದುಗಳನ್ನು ಒತ್ತುತ್ತಾರೆ, ಕೊನೆಗೆ ಬಾರ್ಲಿ ಅಥವಾ ಕಡಲೆಹಿಟ್ಟನ್ನು ಉದುರಿಸಿ ತಿಕ್ಕಿ ಎಣ್ಣೆಯ ಜಿಡ್ಡನ್ನು ತೆಗೆಯುತ್ತಾರೆ; ದೀಪಾವಳಿಯ ಎಣ್ಣೆಸ್ನಾನ ಬಲ್ಲ ಕನ್ನಡ ಮನೆಗಳಿಗೆ ಈ ಕ್ರಮ ಅಪರಿಚಿತವೆನಿಸದು. ಹೊರ್-ಮೆ ಎಂಬುದು ಮಂಗೋಲರಿಂದ ಬಂದದ್ದೆಂದು ಹೇಳಲಾಗುವ ಶಾಖದ ವಿಧಾನ. ಜಾಯಿಕಾಯಿ, ಶಾಹಿಜೀರಿಗೆಯಂಥ ಸಾಂಬಾರ ಪದಾರ್ಥಗಳ ಪುಡಿಯನ್ನು ಹತ್ತಿಬಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಕಟ್ಟಿ, ಬಿಸಿ ಎಣ್ಣೆಯಲ್ಲೋ ಬೆಣ್ಣೆಯಲ್ಲೋ ಅದ್ದಿ, ಚಿಕಿತ್ಸಕ ತನ್ನ ಕೈಯ ಮೇಲೆ ಕಾವನ್ನು ಪರೀಕ್ಷಿಸಿಕೊಂಡು, ರೋಗಿಯ ಮೈಮೇಲಿನ ಬಿಂದುಗಳಿಗೆ ಇಟ್ಟು ಇಟ್ಟು ತೆಗೆಯುತ್ತಾನೆ.

ಇವುಗಳಿಂದ ಸಿಗುವ ಉಪಶಮನ ನಿಜವಾದದ್ದು, ಮತ್ತು ಅದಕ್ಕೆ ಶರೀರಶಾಸ್ತ್ರದಲ್ಲಿ ವಿವರಣೆಯೂ ಇದೆ. ಸ್ಪರ್ಶ ಮತ್ತು ಒತ್ತಡದ ಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂದೇಶವನ್ನು ತಗ್ಗಿಸಬಲ್ಲವೆಂದು 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಪ್ರತಿಪಾದಿಸಿದರು. ಕಾವು ಸ್ನಾಯುವಿನ ಬಿಗಿತವನ್ನು ಸಡಿಲಿಸಿ ರಕ್ತಸಂಚಾರವನ್ನು ಹೆಚ್ಚಿಸುತ್ತದೆ. ಕಾಳಜಿಯುಳ್ಳ ಕೈಯ ಕೆಳಗೆ ಅರ್ಧ ಗಂಟೆ ಮಲಗಿದ ರೋಗಿಯ ಭಯ ಕರಗುವುದೂ ಚಿಕಿತ್ಸೆಯೇ. ಶ್ರಮದ ನಂತರದ ಮೈಕೈನೋವನ್ನು ಅಂಗಮರ್ದನ ಸ್ವಲ್ಪಮಟ್ಟಿಗೆ ಇಳಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೆ ಹರಿದ ಎಳೆಗಳನ್ನು ಎಣ್ಣೆ ಅಥವಾ ಶಾಖ ಬೇಗ ಬೆಸೆಯುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಸೂಜಿ ಚುಚ್ಚುವ, ಚರ್ಮಕ್ಕೆ ಬಟ್ಟಲು ಅಂಟಿಸುವ ಚಿಕಿತ್ಸೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಭುಜದ ಮೇಲೆ ಕಂಡ ಬಟ್ಟಲಿನ ಗುರುತುಗಳು ಜಗತ್ತಿನ ಕುತೂಹಲ ಕೆರಳಿಸಿದವೇ ಹೊರತು ಸ್ನಾಯು ಮಾಯುವ ವೇಗದ ಬಗ್ಗೆ ಏನನ್ನೂ ಸಾಬೀತುಪಡಿಸಲಿಲ್ಲ.

ಲಕ್ಕಿಸೊಪ್ಪಿನ ವಿಷಯವನ್ನೂ ಇಲ್ಲೇ ಹೇಳಬೇಕು. ಬೇಲಿಸಾಲಿನಲ್ಲಿ ಬೆಳೆಯುವ ಈ ಗಿಡದ ಎಲೆಗಳನ್ನು ನೀರಿನಲ್ಲಿ ಕುದಿಸಿ ಮೈ ತೊಳೆಯುವುದು, ಹರಳೆಣ್ಣೆಯಲ್ಲಿ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದು ಹಳೆ ಮೈಸೂರು ಸೀಮೆಯ ಬಾಣಂತಿ ಮನೆಗಳಿಂದ ಹಿಡಿದು ಗದ್ದೆ ಕೆಲಸದವರ ಮನೆಗಳವರೆಗೆ ರೂಢಿಯಲ್ಲಿದ್ದು, ಆಯುರ್ವೇದದ ಪತ್ರಪಿಂಡ ಸ್ವೇದ ಇದರದೇ ವ್ಯವಸ್ಥಿತ ರೂಪ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮೂಲಿಕಾಜ್ಞಾನವನ್ನು ಆಧುನಿಕ ಆಸ್ಪತ್ರೆಯ ಸೇವೆಯೊಂದಿಗೆ ಗೌರವದಿಂದ ಇರಿಸಿಕೊಂಡದ್ದು ಈ ಜಿಲ್ಲೆಗೆ ಹೆಮ್ಮೆಯ ಸಂಗತಿ; ಎರಡು ವೈದ್ಯಗಳು ಒಂದನ್ನೊಂದು ಹಳಿಯದೆ ಒಟ್ಟಿಗೆ ನಡೆಯಬಲ್ಲವು ಎಂಬುದಕ್ಕೆ ಈ ಸೀಮೆಯಲ್ಲಿ ಅದೇ ಸಾಕ್ಷಿ.

ಪಿಲಾಟೀಸ್ ಇವೆಲ್ಲಕ್ಕಿಂತ ಬೇರೆಯಾದ ದಾರಿ, ಏಕೆಂದರೆ ಅಲ್ಲಿ ರೋಗಿ ಮಲಗಿ ಸೇವೆ ಪಡೆಯುವವನಲ್ಲ, ದುಡಿಯುವವನು. ಇದನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯ ಮಂಶೆನ್‌ಗ್ಲಾಡ್‌ಬಾಕ್‌ನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಕಾಯಿಲೆಬಿದ್ದ ದೇಹವನ್ನು ವ್ಯಾಯಾಮದಿಂದ ತಿದ್ದಿಕೊಂಡ ಅವರು ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದುದರಿಂದ ಶತ್ರುದೇಶದ ಪ್ರಜೆಯೆಂದು ಬಂಧಿತರಾಗಿ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕಾಲ ಕಳೆದರು. ಅಲ್ಲಿ ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲೇ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿದರೆಂದು ಹೇಳಲಾಗುತ್ತದೆ. 1926ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ನೆಲೆಸಿ ತೆರೆದ ಅವರ ವ್ಯಾಯಾಮಶಾಲೆಗೆ ಗಾಯಗೊಂಡ ನೃತ್ಯಗಾರರು ಹೆಚ್ಚಾಗಿ ಬರುತ್ತಿದ್ದರು. ತಮ್ಮ ಪದ್ಧತಿಯನ್ನು ಅವರು ಕಂಟ್ರಾಲಜಿ ಎಂದು ಕರೆದರು. ಪಿಲಾಟೀಸ್ ಎಂಬ ಹೆಸರು ಗಟ್ಟಿಯಾದದ್ದು 1967ರಲ್ಲಿ ಅವರು ತೀರಿಕೊಂಡ ಬಳಿಕ.

ಅದೇ ದಶಕಗಳಲ್ಲಿ ಕರ್ನಾಟಕದಲ್ಲೂ ಇಂಥದೇ ಹುಡುಕಾಟ ನಡೆದಿತ್ತೆಂಬುದು ನೆನಪಿನಲ್ಲಿಡತಕ್ಕದ್ದು. ಮುಂದೆ ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಹಸಾಧನೆಗೆ ಹೆಸರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಹೊರತಂದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ರೋಗಪೀಡಿತ ಹುಡುಗನಾಗಿ ಅವರ ಬಳಿ ಸೇರಿದ ಬಿ.ಕೆ.ಎಸ್. ಅಯ್ಯಂಗಾರರು ಮುಂದೆ ಹಗ್ಗ, ಪಟ್ಟಿ, ಮರದ ದಿಮ್ಮಿ, ಕುರ್ಚಿಗಳ ಆಸರೆಯಿಂದ ಗಾಯಗೊಂಡವರೂ ವೃದ್ಧರೂ ಆಸನ ಮಾಡುವ ವಿಧಾನವನ್ನು ಬೆಳೆಸಿದರು. ಪಿಲಾಟೀಸ್ ಮಂಚದ ಸ್ಪ್ರಿಂಗೂ ಅಯ್ಯಂಗಾರರ ಗೋಡೆಯ ಹಗ್ಗವೂ ಮಾಡುವುದು ಒಂದೇ ಕೆಲಸ: ದುರ್ಬಲ ದೇಹಕ್ಕೆ ಅದು ತಾಳುವಷ್ಟು ಆಸರೆ ಮತ್ತು ತಾಳುವಷ್ಟೇ ಹೊರೆ ಕೊಡುವುದು.

ಪಿಲಾಟೀಸ್‌ನ ರಿಫಾರ್ಮರ್ ಎಂಬ ಉಪಕರಣದಲ್ಲಿ ಜಾರುವ ಹಲಗೆಯೊಂದಕ್ಕೆ ಸ್ಪ್ರಿಂಗುಗಳನ್ನು ಜೋಡಿಸಿರುತ್ತಾರೆ. ಹಲಗೆಯನ್ನು ಕಾಲಿನಿಂದ ತಳ್ಳುವಾಗ ಸ್ಪ್ರಿಂಗು ಹಿಗ್ಗುತ್ತದೆ. ಅದನ್ನು ಪಟಾರನೆ ಮರಳಲು ಬಿಡದೆ, ಉಸಿರನ್ನು ನಿಧಾನವಾಗಿ ಬಿಡುತ್ತ, ತಡೆದು ತಡೆದು ಹಿಂದಕ್ಕೆ ತರಬೇಕೆಂಬುದೇ ಮುಖ್ಯ ಶಿಸ್ತು. ಹೀಗೆ ತಡೆಯುತ್ತ ಹಿಂದಕ್ಕೆ ಬರುವಾಗ ಸ್ನಾಯು ನೀಳವಾಗುತ್ತಲೇ ಬಲ ಬೀರುತ್ತದೆ, ಅಂದರೆ ಯಾವ ಸ್ಥಿತಿಯಲ್ಲಿ ಅದು ಹರಿದಿತ್ತೋ ಅದೇ ಸ್ಥಿತಿಯನ್ನು ಈಗ ಅಪಾಯವಿಲ್ಲದ ವೇಗದಲ್ಲಿ, ಅಳತೆಯ ಹೊರೆಯಲ್ಲಿ ಮತ್ತೆ ಕಲಿಯುತ್ತದೆ. ಇದರ ಜೊತೆಗೆ ಹೊಟ್ಟೆಯ ಆಳದ ಸ್ನಾಯುಗಳನ್ನೂ ಸೊಂಟದ ಸುತ್ತಿನ ಸ್ನಾಯುಗಳನ್ನೂ ಬಿಗಿಹಿಡಿದು ಮಾಡುವುದರಿಂದ, ಗಾಯಗೊಂಡ ಕಾಲನ್ನು ಉಳಿಸಲು ಹೋಗಿ ಬೆನ್ನನ್ನು ಸೊಟ್ಟಗೆ ಮಾಡಿಕೊಳ್ಳುವ ಅಭ್ಯಾಸ ತಪ್ಪುತ್ತದೆ.

ರಿಫಾರ್ಮರ್ ಇರುವ ಸ್ಟುಡಿಯೋಗಳು ಬೆಂಗಳೂರಿನಂಥ ನಗರಗಳ ದುಬಾರಿ ಸೌಕರ್ಯ. ಕೂಲಿ ಮಾಡುವವರ ಕೈಗೆ ಅವು ಎಟುಕುವಂಥವಲ್ಲ. ಆದರೆ ಪಿಲಾಟೀಸ್‌ನ ಮೂಲ ವ್ಯಾಯಾಮಗಳು ಚಾಪೆಯ ಮೇಲಿನವೇ ಆಗಿವೆ. ತೊಡೆಯ ಹಿಂಭಾಗ ಹರಿದು ಮೊದಲ ವಾರ ಕಳೆದವರು ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಹಿಮ್ಮಡಿಯನ್ನು ನೆಲಕ್ಕೆ ಹತ್ತೆಣಿಸುವಷ್ಟು ಹೊತ್ತು ಒತ್ತಿ ಬಿಡುವುದರಿಂದ ಆರಂಭಿಸಬಹುದು. ಇಲ್ಲಿ ಕಾಲು ಚಲಿಸುವುದಿಲ್ಲ, ಸ್ನಾಯು ಮಾತ್ರ ಬಿಗಿಯುತ್ತದೆ. ಅದು ನೋವಿಲ್ಲದೆ ಸಾಧ್ಯವಾದಾಗ ಅದೇ ಭಂಗಿಯಲ್ಲಿ ಸೊಂಟವನ್ನು ಮೇಲೆತ್ತುವ ಸೇತುಬಂಧ. ಆಮೇಲಿನದು ನುಣುಪಾದ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲವಿದ್ದರೆ ಸಾಕಾಗುವಂಥದು: ಹಿಮ್ಮಡಿಗಳ ಕೆಳಗೆ ಒಂದು ಒಣ ಬಟ್ಟೆ ಹಾಕಿ, ಸೊಂಟ ಎತ್ತಿದ ಸ್ಥಿತಿಯಲ್ಲೇ ಹಿಮ್ಮಡಿಗಳನ್ನು ನಾಲ್ಕೈದು ಎಣಿಕೆಯಷ್ಟು ನಿಧಾನವಾಗಿ ಮುಂದಕ್ಕೆ ಜಾರಿಸಿ ಕಾಲನ್ನು ನೀಡುವುದು, ಕಾಲು ಪೂರ್ತಿ ಚಾಚಿದಾಗ ಸೊಂಟವನ್ನು ಇಳಿಸಿ ಮತ್ತೆ ಮೊದಲಿಗೆ ಬರುವುದು. ಮೀನಖಂಡಕ್ಕಾದರೆ ಮೆಟ್ಟಿಲಿನ ಅಂಚಿನಲ್ಲಿ ಗೋಡೆ ಹಿಡಿದು ನಿಂತು, ಎರಡೂ ಕಾಲಿನ ಮೇಲೆ ಮುಂಗಾಲಿಗೆ ಏರಿ, ನೋಯುವ ಕಾಲಿನ ಮೇಲೆ ಮೆಲ್ಲಗೆ ಇಳಿಯುವುದು. ಮಾಡುವಾಗಿನ ನೋವು ಹತ್ತರಲ್ಲಿ ಮೂರರಷ್ಟಿದ್ದು ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಹೊರೆ ಸರಿಯಾಗಿದೆ, ಉಳಿದರೆ ಹೆಚ್ಚಾಗಿದೆ. ಎರಡನೆಯ ದರ್ಜೆಗಿಂತ ಕೆಟ್ಟ ಗಾಯವೆಂಬ ಅನುಮಾನವಿದ್ದರೆ ಇವನ್ನು ಫಿಸಿಯೋಥೆರಪಿಸ್ಟರ ಕಣ್ಣೆದುರಿಗಲ್ಲದೆ ಮಾಡಬಾರದು.

ಪಿಲಾಟೀಸ್ ಎಂಬ ಹೆಸರಿಗೇ ವಿಶೇಷ ಶಕ್ತಿಯಿಲ್ಲ ಎಂಬುದನ್ನೂ ಹೇಳಲೇಬೇಕು. ಸೊಂಟನೋವಿನ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ, ಏನೂ ಮಾಡದಿರುವುದಕ್ಕಿಂತ ಅಥವಾ ತೀರಾ ಅಲ್ಪ ಚಿಕಿತ್ಸೆಗಿಂತ ಪಿಲಾಟೀಸ್ ಮೇಲೆಂದೂ, ಬೇರೆ ವ್ಯಾಯಾಮಗಳಿಗಿಂತ ಅದು ಶ್ರೇಷ್ಠವೆನ್ನಲು ನಿರ್ಣಾಯಕ ಆಧಾರವಿಲ್ಲವೆಂದೂ ತೀರ್ಮಾನಿಸಿತು. ಫಲ ಕೊಡುವುದು ನೀಳವಾಗುತ್ತ ಬಲ ಬೀರುವ ಕ್ರಮಬದ್ಧ ಅಭ್ಯಾಸ. ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೊಡೆಯ ಹಿಂಭಾಗದ ಗಾಯವಾದ 75 ಫುಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿದಾಗ, ಸ್ನಾಯುವನ್ನು ನೀಳಗೊಳಿಸುತ್ತ ಹೊರೆ ಹಾಕಿದ ಗುಂಪು ಸರಾಸರಿ 28 ದಿನಗಳಲ್ಲಿ ಪೂರ್ಣ ಅಭ್ಯಾಸಕ್ಕೆ ಮರಳಿತು, ವಾಡಿಕೆಯ ವ್ಯಾಯಾಮ ಮಾಡಿದ ಗುಂಪಿಗೆ 51 ದಿನಗಳು ಬೇಕಾದವು.

ಉತ್ತಮ ಸೌಕರ್ಯಗಳಿದ್ದರೂ ಕಾಲವನ್ನು ಮೋಸಗೊಳಿಸಲಾಗದು ಎಂಬುದಕ್ಕೆ ಕರ್ನಾಟಕದ ಕ್ರಿಕೆಟಿಗ ಕೆ.ಎಲ್. ರಾಹುಲ್ ಅವರ ಉದಾಹರಣೆಯಿದೆ. 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ಬಲತೊಡೆಗೆ ಗಂಭೀರ ಗಾಯವಾಗಿ ಅವರು ಶಸ್ತ್ರಚಿಕಿತ್ಸೆಗೆ ಒಳಗಾದರು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಹಂತಹಂತವಾಗಿ ಪುನಶ್ಚೇತನ ಪಡೆದರು, ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಆಡಲಿಳಿದಾಗ ಔಟಾಗದೆ 111 ರನ್ ಗಳಿಸಿದರು. ನಡುವೆ ಕಳೆದದ್ದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ. ಜೋಳದ ಕಟಾವಿನ ಸಮಯದಲ್ಲಿ ತೊಡೆ ಹರಿದುಕೊಂಡ ಕೂಲಿಕಾರನಿಗೆ ಹತ್ತು ದಿನದ ವಿಶ್ರಾಂತಿಯೂ ಸಿಗುವುದಿಲ್ಲ. ನೋವು ನಿಂತದ್ದನ್ನೇ ಗುಣವಾಯಿತೆಂದು ತಿಳಿದು ಮೂಟೆ ಎತ್ತಿದವನ ಸ್ನಾಯು ಅದೇ ಜಾಗದಲ್ಲಿ ಮತ್ತೆ ಹರಿಯಬಹುದು. ನೋವಿಳಿಸುವ ಚಿಕಿತ್ಸೆಗಳ ನಿಜವಾದ ಅಪಾಯ ಇರುವುದು ಇಲ್ಲಿ. ಅವು ಚೆನ್ನಾಗಿ ಕೆಲಸ ಮಾಡಿದಷ್ಟೂ, ಬಲ ಮರಳುವ ಮೊದಲೇ ದುಡಿಮೆಗೆ ಮರಳುವ ಧೈರ್ಯವನ್ನು ಕೊಡುತ್ತವೆ. ಎಣ್ಣೆ ಮತ್ತು ಶಾಖದಿಂದ ಸಿಕ್ಕ ಬಿಡುವನ್ನು ವ್ಯಾಯಾಮಕ್ಕೆ ಬಳಸಿಕೊಂಡಾಗ ಮಾತ್ರ ಆ ಚಿಕಿತ್ಸೆ ಸಾರ್ಥಕ.

ಕೆಲವು ಲಕ್ಷಣಗಳಿದ್ದಾಗ ಯಾವ ಪರ್ಯಾಯ ಚಿಕಿತ್ಸೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪೆಟ್ಟಿಲ್ಲದೆ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿರಬಹುದು, ಅದನ್ನು ತಿಕ್ಕಿದರೆ ಹೆಪ್ಪು ಶ್ವಾಸಕೋಶಕ್ಕೆ ಸಾಗಿ ಜೀವಕ್ಕೇ ಅಪಾಯ. ಕಾಲು ಕಲ್ಲಿನಂತೆ ಗಟ್ಟಿಯಾಗಿ, ಮಾತ್ರೆಗೂ ಬಗ್ಗದ ನೋವಿನೊಂದಿಗೆ ಜೋಮು ಹಿಡಿದರೆ ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಶಾಖ ಕೊಟ್ಟರೆ ಸುಟ್ಟದ್ದೂ ತಿಳಿಯುವುದಿಲ್ಲ. ಹೆಸರು, ಘಟಕಗಳ ಪಟ್ಟಿ ಇಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಪ್ರಕರಣಗಳು ದೇಶದಲ್ಲಿ ಪತ್ತೆಯಾಗಿರುವುದರಿಂದ ಅವುಗಳನ್ನು ಸೇವಿಸಬಾರದು.

ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಓದುಗರಲ್ಲಿ ಒಂದು ಕೋರಿಕೆ. ಸ್ನಾಯು ಹರಿದಾಗ ಮೊದಲ ಐದು ದಿನ ಎಣ್ಣೆ ಮತ್ತು ಶಾಖವನ್ನು ದೂರವಿಡಿ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಆ ನಂತರ ನಾಟಿ ವೈದ್ಯರಲ್ಲಿಗೆ ಹೋಗಿ, ಒಡೆಯರಪಾಳ್ಯದ ಟಿಬೆಟನ್ ಚಿಕಿತ್ಸಾಲಯಕ್ಕೆ ಹೋಗಿ ಅಥವಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಲ್ಲಿಗೆ ಹೋದರೂ ಮನೆಯಲ್ಲಿ ದಿನವೂ ಮಾಡಬೇಕಾದ ವ್ಯಾಯಾಮ ಯಾವುದು, ಭಾರ ಎತ್ತುವ ಕೆಲಸಕ್ಕೆ ಯಾವಾಗ ಮರಳಬಹುದು ಎಂಬುದನ್ನು ಕೇಳಿ ತಿಳಿದುಕೊಳ್ಳದೆ ಹಿಂದಿರುಗಬೇಡಿ.